ನೂಲು ಬಿಚ್ಚಿದ ಕೈ ಕಲೆಯಲ್ಲಿ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ. ತಾತನ ಕಾಲದಿಂದ ರೇಷ್ಮೆ ನೂಲು ಬಿಚ್ಚುವುದೇ ಕಸುಬು. ಮಗಳು ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದಾಳೆ. ಈಚೆಗೆ ಅವಳ ಜೊತೆ ಒಂದು ಪ್ರದರ್ಶನ ನೋಡಲು ಹೋಗಿದ್ದೆ. ಮೇಲಿಂದ ನೂಲು ಇಳಿಬಿಟ್ಟಿದ್ದರು, ಹಳೇ ಬಟ್ಟೆ ಸೇರಿಸಿ ಹೊಲಿದು ಗೋಡೆಗೆ ಹಾಕಿದ್ದರು. ಪಕ್ಕದ ಫಲಕದಲ್ಲಿ ‘ಮನುಕುಲದ ಸಮಾನ ಅನುಭವ’ ಎಂದಿತ್ತು. ನಮ್ಮ ಅಮ್ಮ ಹೊಲಿದ ಬೊಂತೆಗಳು ಅಟ್ಟದ ಮೇಲಿವೆ, ಅವನ್ನು ಯಾರೂ ಕಲೆ ಅಂದವರಿಲ್ಲ. ಮಗಳು ಈಗ ನಮ್ಮ ಮನೆಯ ನೂಲಿನಲ್ಲೇ ಏನಾದರೂ ಮಾಡುತ್ತೇನೆ ಅನ್ನುತ್ತಿದ್ದಾಳೆ. ಈ ಕಲೆ ಹೇಳುವುದಾದರೂ ಏನು? ಅದು ಎಲ್ಲರದ್ದೂ ಆಗಿದ್ದರೆ ನೂಲು ತೆಗೆಯುವ ನಮ್ಮಂಥವರು ಅದರಲ್ಲಿ ಯಾಕೆ ಕಾಣುವುದಿಲ್ಲ? ಇದನ್ನು ನಂಬಿಕೊಂಡು ಅವಳ ಬದುಕು ನಡೆಯುತ್ತದೆಯೇ?
— ಹೆಸರು ಬೇಡವೆಂದಿರುವ ಓದುಗರು, ಶಿಡ್ಲಘಟ್ಟ

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಅವುಗಳಲ್ಲಿ ನಡುವಿನದು, ‘ನಾವು ಯಾಕೆ ಕಾಣುವುದಿಲ್ಲ’ ಎನ್ನುವುದು, ನೂಲು-ಬಟ್ಟೆಯ ಕಲೆಯ ಬಗ್ಗೆ ಕೇಳಲೇಬೇಕಾದ ಪ್ರಶ್ನೆ. ಕಲೆಯ ಬಗ್ಗೆ ಬರೆಯುವವರು ಅದನ್ನು ಕೇಳುವುದು ಕಡಿಮೆ. ನೀವು ನೂಲಿನ ಕಡೆಯಿಂದ ಬಂದವರು, ಹಾಗಾಗಿ ನೇರವಾಗಿ ಕೇಳಿದ್ದೀರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಮಗಳಿಗೂ ಓದಲು ಕೊಡಿ.

ಮೊದಲು ಆ ಫಲಕದ ಮಾತು. ಬಟ್ಟೆಯ ಮಟ್ಟಿಗೆ ಅದರಲ್ಲಿ ಸತ್ಯವಿದೆ. ಎಣ್ಣೆಬಣ್ಣದ ಚಿತ್ರವೋ ಕಂಚಿನ ಮೂರ್ತಿಯೋ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಬಟ್ಟೆ ಮುಟ್ಟದೆ ದಿನ ಕಳೆದವರು ಯಾರೂ ಇಲ್ಲ. ಮಗು ಹುಟ್ಟಿದಾಗ ನಮ್ಮ ಕಡೆ ಹೊಸ ಬಟ್ಟೆ ಹುಡುಕುವುದಿಲ್ಲ, ತೊಳೆದು ತೊಳೆದು ಮೆತ್ತಗಾದ ಅಜ್ಜಿಯ ಹತ್ತಿ ಸೀರೆ ಹುಡುಕುತ್ತಾರೆ. ಜೀವ ಹೋದಾಗ ಮೇಲೆ ಹೊದಿಸುವುದೂ ಬಟ್ಟೆಯನ್ನೇ. ಶಿರಾ, ಪಾವಗಡದ ಕಡೆಯ ಕುರುಬರಲ್ಲಿ ದೇವರ ಕಾರ್ಯಕ್ಕೆ ಕರಿ ಕಂಬಳಿ ಹಾಸಿ ಗದ್ದುಗೆ ಮಾಡುತ್ತಾರೆ. ಹುಣಸೆ ಬೀಜದ ಗಂಜಿ ಕೊಟ್ಟು ಬಿಗಿ ಮಾಡಿದ ಅದೇ ಕಂಬಳಿ ಮಳೆಗಾಲದಲ್ಲಿ ಕುರಿ ಕಾಯುವವರ ತಲೆಯ ಮೇಲಿನ ಕೊಪ್ಪೆಯೂ ಹೌದು, ರಾತ್ರಿಯ ಹಾಸಿಗೆಯೂ ಹೌದು. ಇನ್ನು ನಿಮ್ಮದೇ ಜಿಲ್ಲೆಯ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಅಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದದ್ದು ಬಾವುಟ ಹಾರಿಸುವ ಸತ್ಯಾಗ್ರಹದಲ್ಲಿ. ಬಾವುಟವೆಂದರೆ ಕೈಯಲ್ಲಿ ಹಿಡಿದು ನೋಡಿದರೆ ಒಂದು ತುಂಡು ಖಾದಿ, ಅಷ್ಟೇ. ಒಂದು ತುಂಡು ಬಟ್ಟೆ ಎಷ್ಟು ಅರ್ಥ ಹೊರಬಲ್ಲದು ಎನ್ನುವುದನ್ನು ಗೌರಿಬಿದನೂರು ತಾಲ್ಲೂಕಿನವರಿಗೆ ಯಾವ ಕಲಾವಿದರೂ ಬಂದು ಹೇಳಿಕೊಡಬೇಕಾಗಿಲ್ಲ.

ಇಷ್ಟಿದ್ದರೂ ಬಟ್ಟೆಯನ್ನು ಕಲೆಯ ಸಾಲಿನಲ್ಲಿ ಕೂರಿಸಲು ಜಗತ್ತು ಬಹಳ ತಡಮಾಡಿತು. ಕಾರಣ ಸರಳ: ಅದು ಮನೆಗೆಲಸ, ಹೆಂಗಸರ ಕೆಲಸ, ಕೂಲಿ ಕೆಲಸ ಎಂಬ ಲೆಕ್ಕ. ಜರ್ಮನಿಯಲ್ಲಿ 1919ರಲ್ಲಿ ಶುರುವಾದ ಬೌಹೌಸ್ ಎಂಬ ಕಲಾಶಾಲೆ ಹೊಸ ಕಾಲದ ಹೊಸ ವಿಚಾರಕ್ಕೆ ಹೆಸರಾದದ್ದು. ಅಲ್ಲಿಗೆ 1922ರಲ್ಲಿ ಸೇರಿದ ಆನಿ ಆಲ್ಬರ್ಸ್ ಗಾಜಿನ ಕೆಲಸ ಕಲಿಯಬೇಕೆಂದಿದ್ದರು. ಅಂಥ ಶಾಲೆಯಲ್ಲೂ ಹೆಣ್ಣುಮಕ್ಕಳನ್ನು ಮಗ್ಗದ ಕಡೆಗೆ ಕಳಿಸುವುದೇ ರೂಢಿಯಾಗಿತ್ತು. ಮನಸ್ಸಿಲ್ಲದೆ ಮಗ್ಗ ಹಿಡಿದವರು ಕೊನೆಗೆ ಆ ವಿದ್ಯೆಗೇ ಹೊಸ ದಾರಿ ತೋರಿಸಿದರು. 1949ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅವರ ಏಕವ್ಯಕ್ತಿ ಪ್ರದರ್ಶನ ಏರ್ಪಡಿಸಿತು. ನೇಯುವವರೊಬ್ಬರಿಗೆ ಆ ಸಂಗ್ರಹಾಲಯದಲ್ಲಿ ಅಂಥ ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಪೋಲೆಂಡಿನ ಮಗ್ದಲೇನಾ ಅಬಕನೋವಿಚ್ 1960ರ ದಶಕದಲ್ಲಿ ಬಂದರುಗಳಲ್ಲಿ ಬಿಸಾಡಿದ ಹಗ್ಗ ತಂದು, ಬಿಚ್ಚಿ, ಬಣ್ಣ ಹಾಕಿ, ಆಳೆತ್ತರವನ್ನು ಮೀರಿದ ಆಕಾರಗಳನ್ನು ನೇಯ್ದು ಚಾವಣಿಯಿಂದ ಇಳಿಬಿಟ್ಟರು. ನೇಯ್ಗೆ ಗೋಡೆಯಿಂದ ಕೆಳಗಿಳಿದು ಕೋಣೆಯ ನಡುವೆ ನಿಂತದ್ದು ಅವರಂಥವರಿಂದ. ಇಂದಿನ ಪ್ರದರ್ಶನಗಳಲ್ಲಿ ಮೇಲಿಂದ ಇಳಿಬಿಟ್ಟ ನೂಲು ಇಷ್ಟು ಸಾಮಾನ್ಯವಾಗಿದ್ದರೆ ಅದರ ಹಿಂದೆ ಈ ಇತಿಹಾಸವಿದೆ.

ನಮ್ಮ ದೇಶದ ಕಥೆ ನನಗೆ ಇನ್ನೂ ಹತ್ತಿರದ್ದು. ಬರೋಡದ ಕಲಾಶಾಲೆಯಲ್ಲಿ ಕೆ.ಜಿ. ಸುಬ್ರಮಣ್ಯನ್ ಎಂಬ ಮೇಷ್ಟ್ರಿದ್ದರು. ಕುಶಲಕರ್ಮಿಯ ಕೈಗೂ ಕಲಾವಿದನ ಕೈಗೂ ನಡುವೆ ಗೋಡೆ ಕಟ್ಟಬೇಕಿಲ್ಲ ಎಂದು ನಂಬಿದವರು, ನೇಕಾರರ ಸೇವಾ ಕೇಂದ್ರದಲ್ಲಿಯೂ ಕೆಲಸ ಮಾಡಿದವರು. ಅವರ ಬಳಿ ಕಲಿತ ಮೃಣಾಲಿನಿ ಮುಖರ್ಜಿ (1949–2015) ಸೆಣಬಿನ ಹಗ್ಗಕ್ಕೆ ಬಣ್ಣ ಹಾಕಿ, ಮಗ್ಗವನ್ನೇ ಮುಟ್ಟದೆ, ಬರೀ ಗಂಟಿನ ಮೇಲೆ ಗಂಟು ಹಾಕುತ್ತ ದೇವತೆಯೋ ಗಿಡವೋ ಎಂದು ಹೇಳಲಾಗದಂಥ ದೊಡ್ಡ ಮೂರ್ತಿಗಳನ್ನು ಮಾಡಿದರು. ಅದಕ್ಕೆ ಮೊದಲೇ ಬರೆದಿಟ್ಟ ನಕ್ಷೆ ಇರುತ್ತಿರಲಿಲ್ಲ. ಬೆರಳು ಹೋದ ದಾರಿಯೇ ಆಕಾರ. ಬದುಕಿದ್ದಾಗ ಬಹುಕಾಲ ಅವರ ಕೆಲಸವನ್ನು ‘ಕರಕುಶಲ’ ಎಂದು ಬದಿಗಿಟ್ಟವರಿದ್ದರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2019ರಲ್ಲಿ ಅವರ ದೊಡ್ಡ ಪ್ರದರ್ಶನ ಮಾಡುವ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ.

ಅದೇ ಮೇಷ್ಟ್ರ ಬಳಿ ಕಲಿತ ಇನ್ನೊಬ್ಬರು ನಮ್ಮ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ. ನಿಮ್ಮ ಮಗಳು ಯಾರ ಕೆಲಸವನ್ನಾದರೂ ತಿಂಗಳುಗಟ್ಟಲೆ ಕೂತು ಅಭ್ಯಾಸ ಮಾಡುವುದಾದರೆ ಇವರದ್ದನ್ನು ಮಾಡಲಿ. 1990ರ ದಶಕದ ಕೊನೆಯಲ್ಲಿ ಅವರು ಮಾಡಿದ ಒಂದು ಕೃತಿಯ ಹೆಸರನ್ನು ಕನ್ನಡದಲ್ಲಿ ‘ನನ್ನ ನೋವನ್ನು ಅವನಿಗೆ ಹೇಳು’ ಎನ್ನಬಹುದು. ಸಾಮಾನ್ಯ ಹೊಲಿಗೆ ಸೂಜಿಯ ಕಣ್ಣಿನಲ್ಲಿ ದಾರ ಪೋಣಿಸಿ, ಆ ದಾರ ನೂರು ಮೀಟರಿಗೂ ಮೀರಿದ ಉದ್ದದ್ದಾದರೂ, ಅಷ್ಟನ್ನೂ ಆ ಕಣ್ಣಿನ ಮೂಲಕವೇ ಎಳೆದರು. ಹೀಗೆ ಪೋಣಿಸಿದ ಎಳೆಗಳನ್ನು ಕೂಡಿಸಿ, ಅಂಟು ಬೆರೆಸಿದ ಕುಂಕುಮ ಮೆತ್ತಿ, ಹಗ್ಗ ಮಾಡಿದರು. ಕೆಂಪಗಿನ ಹಗ್ಗ ನೆಲದ ಮೇಲೆ, ಗೋಡೆಯ ಮೇಲೆ ಕರುಳಿನ ಹಾಗೆ ಹರಿದುಕೊಂಡು ಹೋಗುತ್ತದೆ. ತುದಿಯಲ್ಲಿ ಸೂಜಿಗಳೆಲ್ಲ ಗೊಂಚಲಾಗಿ ನೇತಾಡುತ್ತವೆ. ಹೆಂಗಸರ ದಿನನಿತ್ಯದ ಹೊಲಿಗೆಯ ದಣಿವು, ಹಣೆಯ ಕುಂಕುಮ, ರಕ್ತ, ಚುಚ್ಚುವಿಕೆ ಎಲ್ಲವೂ ಅದರಲ್ಲಿದೆ. ಯಾವ ಫಲಕ ಓದದಿದ್ದರೂ ಮೈಗೆ ತಿಳಿಯುತ್ತದೆ.

ಅವರ ಇನ್ನೊಂದು ಕೃತಿ ‘ಬಿಹೋಲ್ಡ್’, 2009ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ದೊಡ್ಡ ಕಲಾಮೇಳದಲ್ಲಿ ಪ್ರದರ್ಶನಗೊಂಡು, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ದೇವಸ್ಥಾನಗಳಲ್ಲಿ ಮುಡಿ ಕೊಡುವುದು ಗೊತ್ತಲ್ಲ. ಉದ್ದ ಕೂದಲು ವಿಗ್ ಮಾಡಲು ಪರದೇಶಕ್ಕೆ ಹೋಗುತ್ತದೆ. ಮೋಟು ಕೂದಲು ಉಳಿಯುತ್ತದೆ. ಅದನ್ನು ಹುರಿ ಮಾಡಿ, ದೃಷ್ಟಿ ತಾಗದಿರಲಿ ಎಂದು ನಮ್ಮ ಡ್ರೈವರುಗಳು ಗಾಡಿಯ ಬಂಪರಿಗೆ ಕಟ್ಟುತ್ತಾರೆ. ಬೆಂಗಳೂರಿನ ರಸ್ತೆಯಲ್ಲಿ ದಿನವೂ ಕಾಣುವ ಆ ಕರಿ ಹುರಿಯನ್ನೇ ಶೀಲಾ ಗೌಡ ಸುಮಾರು 4 ಕಿಲೋಮೀಟರಿನಷ್ಟು ತೆಗೆದುಕೊಂಡು, ಹೊಳೆಯುವ ಕಾರ್ ಬಂಪರುಗಳನ್ನು ಅದರಿಂದಲೇ ಗೋಡೆಗೆ ತೂಗುಹಾಕಿದರು. ಸಾವಿರಾರು ತಲೆಗಳ ಕೂದಲು, ಸಾವಿರಾರು ಹರಕೆ, ಯಾರ ಹೆಸರೂ ಇಲ್ಲ. ಕೂದಲಿಗಿಂತ ಭಾರವಾದ ಉಕ್ಕನ್ನು ಕೂದಲೇ ಎತ್ತಿ ಹಿಡಿದಿದೆ. ಲಂಡನ್ನಿನಲ್ಲಿ ಅದನ್ನು ನೋಡುವವರಿಗೆ ಮುಡಿ ಸೇವೆಯೂ ಗೊತ್ತಿಲ್ಲ, ದೃಷ್ಟಿ ತೆಗೆಯುವುದೂ ಗೊತ್ತಿಲ್ಲ. ಆದರೂ ಅವರು ನಿಂತು ನೋಡುತ್ತಾರೆ. ಹೆದರಿಕೆಗೆ ಏನಾದರೊಂದನ್ನು ಕಟ್ಟಿಕೊಳ್ಳುವುದು ಅವರಿಗೂ ಗೊತ್ತಿರುವ ಸಂಗತಿಯೇ.

ಸಮಾನ ಅನುಭವದ ಬಗ್ಗೆ ನಾನು ಹೇಳಬೇಕಾದ ಮಾತು ಇಷ್ಟೇ. ಆ ಹುರಿ ನಮ್ಮ ಊರಿನದು, ನಮ್ಮ ರಸ್ತೆಯದು, ನಮ್ಮ ಹೆದರಿಕೆಯದು. ಅದರ ಊರನ್ನು ಅಳಿಸಿ ‘ಮನುಕುಲದ್ದು’ ಎಂದಿದ್ದರೆ ಅದು ಎಲ್ಲಿಗೂ ಮುಟ್ಟುತ್ತಿರಲಿಲ್ಲ. ಊರಿನ ಗುರುತು ಗಟ್ಟಿಯಾಗಿ ಉಳಿದದ್ದರಿಂದಲೇ ಪರಊರಿನವರಿಗೂ ತಟ್ಟಿತು. ‘ನೂಲು ಎಲ್ಲರನ್ನೂ ಬೆಸೆಯುತ್ತದೆ’ ಎಂದು ದೊಡ್ಡದಾಗಿ ಹೇಳಿ, ಅಂಗಡಿಯಿಂದ ತಂದ ಕೆಂಪು ದಾರವನ್ನು ಕೋಣೆ ತುಂಬ ಕಟ್ಟಿದ ಕೃತಿಗಳನ್ನು ಬಹಳ ನೋಡಿದ್ದೇನೆ. ಚಂದವಾಗಿರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ಹೊರಗೆ ಬಂದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುವುದಿಲ್ಲ. ಕೆಂಪು ದಾರದ ಕೆಲಸವೇ ಟೊಳ್ಳು ಎಂದು ಇದರ ಅರ್ಥವಲ್ಲ. ಜಪಾನಿನ ಚಿಹಾರು ಶಿಯೋಟಾ 2015ರಲ್ಲಿ ವೆನಿಸ್ಸಿನಲ್ಲಿ ಕೆಂಪು ದಾರದ ಬಲೆಗೆ ಕಟ್ಟಿದ್ದು ಜನ ನಿಜವಾಗಿ ಬಳಸಿ ಕೊಟ್ಟಿದ್ದ ಬೀಗದ ಕೈಗಳನ್ನು. ಒಂದೊಂದು ಬೀಗದ ಕೈಯಲ್ಲೂ ಯಾರದೋ ಮನೆಯ ಸವೆತವಿತ್ತು. ದಾರಕ್ಕೆ ತೂಕ ಬಂದದ್ದು ಅದರಿಂದ.

ಈಗ ನಿಮ್ಮ ತಾಯಿಯವರ ಬೊಂತೆ. ಅದಕ್ಕೂ ಗೋಡೆಯ ಮೇಲಿದ್ದದ್ದಕ್ಕೂ ಏನು ವ್ಯತ್ಯಾಸ ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. ಕೈಕೆಲಸದಲ್ಲಿ ಎಷ್ಟೋ ಸಲ ಯಾವ ವ್ಯತ್ಯಾಸವೂ ಇರುವುದಿಲ್ಲ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಕೆಳಗೆ ಹಾಯುವ ಸಾದಾ ಹೊಲಿಗೆಯಲ್ಲಿ ಸುತ್ತಲೂ ಬಂದಾಗ ಎಲ್ಲಿ ಯಾವ ಬಣ್ಣ ಬೀಳಬೇಕು, ಹರಿದಲ್ಲಿ ಯಾವ ತುಂಡು ತೇಪೆ ಹಾಕಬೇಕು ಎಂದು ನಿಮ್ಮ ತಾಯಿ ನಿರ್ಧರಿಸಿದ್ದಾರೆ. ಅದು ಕಲಾವಿದೆಯ ನಿರ್ಧಾರವೇ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಯನ್ನು ನೋಡಿ. ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಮಡಿಸಿದ ತ್ರಿಕೋನದ ಬಟ್ಟೆ ಕೂರಿಸದಿದ್ದರೆ ಅವರ ಪಾಲಿಗೆ ಕೌದಿ ಪೂರ್ತಿಯಾದ ಹಾಗಲ್ಲ. ಆ ಮೂಲೆಯ ತುಂಡಿನಿಂದ ಚಳಿ ತಡೆಯಲು ಏನೂ ಉಪಯೋಗವಿಲ್ಲ. ಉಪಯೋಗಕ್ಕೆ ಮೀರಿ ಹೀಗೆಯೇ ಇರಬೇಕು ಎನ್ನಿಸುವುದಿದೆಯಲ್ಲ, ಕಲೆ ಶುರುವಾಗುವುದು ಅಲ್ಲಿ. ಆ ಕೌದಿಗಳು ಅಮೆರಿಕದಲ್ಲೂ ಪ್ರದರ್ಶನ ಕಂಡಿವೆ.

ವ್ಯತ್ಯಾಸ ಇರುವುದು ಮಾಡಿದ್ದು ಯಾರಿಗಾಗಿ ಎನ್ನುವಲ್ಲಿ. ಬೊಂತೆ ಮನೆಯವರ ಮೈ ಬೆಚ್ಚಗಿಡಲು ಹುಟ್ಟಿದ್ದು. ಪ್ರದರ್ಶನದ ಕೃತಿ ಗುರುತು ಪರಿಚಯವಿಲ್ಲದವರನ್ನು ಉದ್ದೇಶಿಸಿ ಹುಟ್ಟಿದ್ದು. ಮನೆಯ ಬೊಂತೆ ಅಪರಿಚಿತರ ಮುಂದೆ ಬಂದಾಗ ಏನೇನಾಗುತ್ತದೆ ಎನ್ನುವುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಉದಾಹರಣೆ ಕೊಡುತ್ತೇನೆ. ಗುಲಾಮರಾಗಿದ್ದವರ ಸಂತತಿಯ ಕಪ್ಪು ಹೆಂಗಸರು ಅಲ್ಲಿ ತಲೆಮಾರುಗಳಿಂದ ಹೊಲದ ಕೆಲಸದ ಬಟ್ಟೆಗಳಿಂದ ಕೌದಿ ಹೊಲಿಯುತ್ತ ಬಂದವರು. 1942ರಲ್ಲಿ ಮಿಸ್ಸೂರಿ ಪೆಟ್‌ವೇ ಎಂಬಾಕೆ ಗಂಡ ತೀರಿಕೊಂಡ ಮೇಲೆ ಆತನ ದುಡಿಮೆಯ ಬಟ್ಟೆಗಳನ್ನೇ ಬಿಚ್ಚಿ ಕೌದಿ ಮಾಡಿದರು. ಮಂಡಿಯ ಹತ್ತಿರ ಸವೆದದ್ದು, ಜೇಬು ಕಿತ್ತ ಜಾಗದಲ್ಲಿ ಬಣ್ಣ ಮಾಸದೆ ಉಳಿದದ್ದು ಇಂಥ ಕೌದಿಗಳಲ್ಲಿ ಹಾಗೆಯೇ ಕಾಣುತ್ತದೆ. 2002ರಲ್ಲಿ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಕೌದಿಗಳನ್ನು ಪ್ರದರ್ಶಿಸಿದಾಗ ಆಧುನಿಕ ಕಲೆಯ ದೊಡ್ಡ ಸಾಧನೆ ಎಂದು ಪತ್ರಿಕೆಗಳು ಹೊಗಳಿದವು. ಆಮೇಲೆ ಅವುಗಳ ವಿನ್ಯಾಸ ಬೇರೆ ಬೇರೆ ಸರಕಿನ ಮೇಲೂ ಬಂತು. 2007ರಲ್ಲಿ ಹಳ್ಳಿಯ ಕೆಲವು ಹೆಂಗಸರು ನಮಗೆ ನ್ಯಾಯವಾಗಿ ಬರಬೇಕಾದ್ದು ಬಂದಿಲ್ಲ ಎಂದು ಕೋರ್ಟಿಗೆ ಹೋದರು, ಮರುವರ್ಷ ವ್ಯಾಜ್ಯ ಬಗೆಹರಿಯಿತು. ಎಲ್ಲರ ಅನುಭವ ಎಂದು ಹೊಗಳುವುದು ಸುಲಭ. ಹಣ, ಹೆಸರು, ಹಕ್ಕು ಎಂದು ಬಂದಾಗ ಅದು ಇಂಥವರದೇ ಕೆಲಸ ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ನಿಮ್ಮ ಅಸಮಾಧಾನದ ಬೇರು ಇಲ್ಲೇ ಇದೆ ಎಂದುಕೊಂಡಿದ್ದೇನೆ, ಅದು ನ್ಯಾಯವಾದದ್ದು.

ಹಾಗಿದ್ದರೆ ನಿಜವಾಗಿ ಎಲ್ಲರದ್ದೂ ಆದ ಬಟ್ಟೆಯ ಕಲೆ ಇದೆಯೇ? ಇದೆ. ನನ್ನ ಮನಸ್ಸಿನಲ್ಲಿ ಎರಡು ಸದಾ ಇರುತ್ತವೆ. ಎರಡನ್ನೂ ಮಾಡಿದವರು ಬಹುಪಾಲು ಕಲಾವಿದರೆಂದು ಹೆಸರಿಲ್ಲದವರು.

ಚಿಲಿ ದೇಶದಲ್ಲಿ 1973ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಸಾವಿರಾರು ಜನರನ್ನು ಎಳೆದೊಯ್ದರು, ಬಹಳ ಮಂದಿ ಮನೆಗೆ ವಾಪಸು ಬರಲೇ ಇಲ್ಲ. ಅವರ ತಾಯಂದಿರು, ಹೆಂಡಂದಿರು ಸಾಂತಿಯಾಗೊ ನಗರದಲ್ಲಿ ಚರ್ಚಿನ ಆಸರೆಯಲ್ಲಿ ಸೇರಿ, ಗೋಣಿತಟ್ಟಿನ ಮೇಲೆ ಬಟ್ಟೆಯ ಚೂರು ಹೊಲಿದು ಚಿತ್ರ ಮಾಡತೊಡಗಿದರು. ಅವನ್ನು ‘ಅರ್ಪಿಯೇರಾ’ ಎನ್ನುತ್ತಾರೆ. ದೂರದಿಂದ ನೋಡಿದರೆ ಮಕ್ಕಳ ಕೈಕೆಲಸದಂತೆ ಬಣ್ಣಬಣ್ಣ: ಬೆಟ್ಟ, ಸೂರ್ಯ, ಸಣ್ಣ ಮನೆ, ಪುಟ್ಟ ಬೊಂಬೆಯಂಥ ಜನ. ಹತ್ತಿರ ಹೋದರೆ ಬಾಗಿಲಲ್ಲಿ ಪೊಲೀಸರಿದ್ದಾರೆ, ಹೆಂಗಸರ ಕೈಯಲ್ಲಿ ‘ಅವರೆಲ್ಲಿ?’ ಎಂಬ ಫಲಕವಿದೆ. ಕೆಲವದರಲ್ಲಿ ಕಾಣೆಯಾದವರ ಅಂಗಿಯ ಬಟ್ಟೆಯನ್ನೇ ಹೊಲಿದಿರುತ್ತಿದ್ದರು. ಸೂಜಿ ದಾರ ಹಿಡಿದ ಹೆಂಗಸಿನ ಮೇಲೆ ಯಾರಿಗೂ ಅನುಮಾನ ಬಾರದಿದ್ದ ಕಾರಣಕ್ಕೇ ಅವು ದೇಶದ ಗಡಿ ದಾಟಿ, ಅಲ್ಲಿ ನಡೆಯುತ್ತಿದ್ದದ್ದನ್ನು ಹೊರಗೆ ಹೇಳಿದವು, ಮಾರಾಟವಾಗಿ ಮನೆ ಖರ್ಚಿಗೂ ಆದವು. ಮನೆಗೆಲಸ ಎಂದು ಕಡೆಗಣಿಸಿದ್ದೇ ಅವರಿಗೆ ರಕ್ಷೆಯಾಯಿತು.

ಇನ್ನೊಂದು ಅಮೆರಿಕದ ಏಡ್ಸ್ ಸ್ಮಾರಕ ಕೌದಿ. ಏಡ್ಸ್‌ನಿಂದ ಸತ್ತವರ ಹೆಸರು ಹೇಳಲೂ ಮನೆಯವರು ಹಿಂಜರಿಯುತ್ತಿದ್ದ ಕಾಲ. ಒಬ್ಬೊಬ್ಬರ ಹೆಸರಿಗೆ 3 ಅಡಿ ಅಗಲ, 6 ಅಡಿ ಉದ್ದದ ಒಂದೊಂದು ಬಟ್ಟೆ, ಅಂದರೆ ಒಂದು ಸಮಾಧಿಯ ಅಳತೆ. ತೀರಿಕೊಂಡವರ ಜೀನ್ಸ್, ಟೀ ಶರ್ಟ್, ಆಟದ ಬೊಂಬೆ, ಫೋಟೊ ಎಲ್ಲವನ್ನೂ ಅದರ ಮೇಲೆ ಹೊಲಿದರು. 1987ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಮೈದಾನದಲ್ಲಿ ಮೊದಲ ಸಲ ಹಾಸಿದಾಗ 1,920 ತುಂಡುಗಳಿದ್ದವು, ಒಂದೊಂದಾಗಿ ಹೆಸರು ಓದಿದರು. ಈಗ ಅವು ಸುಮಾರು 50,000, ತೂಕ 54 ಟನ್. ಅದರಲ್ಲಿ ಹೊಲಿಗೆ ಬಾರದವರ ವಕ್ರ ಹೊಲಿಗೆಯೂ ಇದೆ, ನುರಿತವರ ಕಸೂತಿಯೂ ಇದೆ. ಯಾವುದನ್ನೂ ತಿದ್ದಿ ಒಂದೇ ಹದಕ್ಕೆ ತಂದಿಲ್ಲ. ಅಷ್ಟು ದೊಡ್ಡ ದುಃಖವನ್ನು ಸಾಮೂಹಿಕ ದುಃಖ ಎಂದು ಒಟ್ಟು ಹಾಕದೆ, ಒಂದೊಂದು ಹೆಸರಿಗೂ ಅದರದೇ ಜಾಗ ಬಿಟ್ಟುಕೊಟ್ಟಿದ್ದಾರೆ. ಮೊದಲ ಸಲ ಅದರ ಚಿತ್ರ ನೋಡಿದಾಗ ನನಗೆ ಮಾತು ಹೊರಟಿರಲಿಲ್ಲ.

ಈಗ ಶಿಡ್ಲಘಟ್ಟದ ಕೈ ಯಾಕೆ ಕಾಣುವುದಿಲ್ಲ ಎನ್ನುವುದಕ್ಕೆ ಬರುತ್ತೇನೆ. ಕಲಾವಿದರನ್ನು ದೂರುವುದಕ್ಕೆ ಮೊದಲು ಕಸುಬಿನ ಒಳಗೇ ಇರುವ ಒಂದು ಕಾರಣ ನೋಡೋಣ. ನಿಮಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಉಳಿದ ಓದುಗರಿಗಾಗಿ. ರೇಷ್ಮೆ ಗೂಡು ಬೇಯಿಸಿದಾಗ ಎಳೆಗಳನ್ನು ಹಿಡಿದಿಟ್ಟ ಅಂಟು ಸಡಿಲವಾಗುತ್ತದೆ. ಮೇಲಿನ ಜೂಟು, ಅಂದರೆ ಸಿಕ್ಕುಸಿಕ್ಕಾದ ಹೊರ ಎಳೆ, ತೆಗೆದು ಅಸಲು ಎಳೆಯ ತುದಿ ಹುಡುಕಬೇಕು. ನೂಲಿನ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಗೂಡಿನ ಎಳೆ 2–3 ಡೆನಿಯರ್ ಮಾತ್ರ, ಒಂಟಿಯಾಗಿ ಯಾವ ಮಗ್ಗಕ್ಕೂ ಬಾರದಷ್ಟು ಸಪೂರ. ಎಂಟು ಹತ್ತು ಗೂಡಿನ ಎಳೆ ಕೂಡಿಸಿದರೆ 20–22 ಡೆನಿಯರಿನ ನೂಲು. ಒಳ್ಳೆಯ ದ್ವಿತಳಿ ಗೂಡಾದರೆ ಒಂದೇ ಎಳೆ ಸಾವಿರ ಮೀಟರಿನಷ್ಟು ಬರುತ್ತದೆ, ಮಿಶ್ರತಳಿಯದ್ದು ಅದಕ್ಕಿಂತ ಕಡಿಮೆ. ಒಂದು ಗೂಡು ಮುಗಿಯುತ್ತ ಬಂತು ಎಂದು ಕಣ್ಣಿಗೆ ಬಿದ್ದ ಕ್ಷಣವೇ ಇನ್ನೊಂದರ ತುದಿಯನ್ನು ಓಡುವ ನೂಲಿಗೆ ಹಾಕಬೇಕು. ಗಂಟು ಹಾಕುವುದಿಲ್ಲ, ರೇಷ್ಮೆಯ ಸ್ವಂತ ಅಂಟೇ ಹಿಡಿದುಕೊಳ್ಳುತ್ತದೆ. ತಡವಾದರೆ ನೂಲು ಸಣ್ಣಗಾಯಿತು, ಹೆಚ್ಚು ಹಾಕಿದರೆ ದಪ್ಪವಾಯಿತು. ಬೇಸಿನ್, ಅಂದರೆ ಗೂಡು ಹಾಕಿದ ನೀರಿನ ತೊಟ್ಟಿ, ಅದರ ಮುಂದೆ ಕೂತವರು ದಿನವಿಡೀ ಬಿಸಿನೀರಿನಲ್ಲಿ ಬೆರಳಾಡಿಸುತ್ತ ಈ ಲೆಕ್ಕ ಇಡುತ್ತಾರೆ. ಸಂಜೆಗೆ ಬೆರಳು ಬಿಳಿಚಿ ಸುಕ್ಕುಗಟ್ಟಿರುತ್ತದೆ, ಚರ್ಮ ಸುಲಿಯುತ್ತದೆ.

ಇಷ್ಟು ಮಾಡಿದ ಮೇಲೆ ಆ ನೂಲಿಗೆ ಒಳ್ಳೆಯ ದರ ಯಾವಾಗ ಸಿಗುತ್ತದೆ? ಅದು ಉದ್ದಕ್ಕೂ ಒಂದೇ ಸಮ ಇದ್ದಾಗ. ಒಂದೇ ಸಮ ಇದೆ ಎಂದರೆ ಎಲ್ಲಿ ಎಳೆ ಹಾಕಿದರು, ಯಾವ ಕೈ ಹಾಕಿತು ಎನ್ನುವ ಗುರುತು ಪೂರ್ತಿ ಅಳಿಸಿದೆ ಎಂದರ್ಥ. ನಿಮ್ಮ ಕಸುಬಿನಲ್ಲಿ ಕೈಯನ್ನು ಅಡಗಿಸುವುದೇ ಕೈಚಳಕ. ಆಮೇಲೆ ಹುರಿ ಮಾಡುವವರು, ಅಂಟು ತೆಗೆದು ಬಣ್ಣ ಹಾಕುವವರು, ನೇಯುವವರು, ಹೀಗೆ ನೂಲು ಬೇರೆ ಬೇರೆ ಜಾತಿಯ, ಬೇರೆ ಬೇರೆ ಮತದ ಮನೆಗಳನ್ನು ದಾಟಿಕೊಂಡು ಹೋಗುತ್ತದೆ. ಒಟ್ಟಿಗೆ ಕೂತು ಊಟ ಮಾಡದ ಮನೆಗಳೂ ಆ ಸಾಲಿನಲ್ಲಿ ಇರುತ್ತವೆ. ಕೊನೆಗೆ ಸೀರೆ ಕಾಂಚೀಪುರದ್ದೋ ಧರ್ಮಾವರದ್ದೋ ಆಗುತ್ತದೆ. ಶಿಡ್ಲಘಟ್ಟದ ಹೆಸರು ಮಾರುಕಟ್ಟೆಯ ದರಪಟ್ಟಿಯಲ್ಲಿ ಬಿಟ್ಟು ಬೇರೆ ಎಲ್ಲೂ ಬರುವುದಿಲ್ಲ. ಮಾರುಕಟ್ಟೆಯಿಂದ ತಂದ ರೇಷ್ಮೆಯಲ್ಲಿ ಕೃತಿ ಮಾಡಿದ ಕಲಾವಿದರಿಗೆ ನೀವು ಕಾಣದೆ ಹೋದದ್ದರಲ್ಲಿ ಈ ಅಳಿಸುವಿಕೆಯ ಪಾಲು ದೊಡ್ಡದು. ಹಾಗೆಂದು ಅವರ ಹೊಣೆ ತಪ್ಪುವುದಿಲ್ಲ. ಮನುಕುಲದ ಮಾತಾಡುವವರು ತಮ್ಮ ಕೈಯಲ್ಲಿರುವ ಲಡಿ ಎಲ್ಲಿಂದ ಬಂತೆಂದು ಒಂದು ಮಾತು ಕೇಳಿಕೊಳ್ಳಬೇಕಿತ್ತು.

ನಿಮ್ಮ ಮಗಳ ಯೋಚನೆ ನನಗೆ ಬಹಳ ಇಷ್ಟವಾಗಿದ್ದು ಈ ಕಾರಣಕ್ಕೆ. ಮಾರುಕಟ್ಟೆ ತಳ್ಳಿಹಾಕುವ ನೂಲಿನಲ್ಲೇ ಕೈಯ ಗುರುತು ಉಳಿದಿರುತ್ತದೆ. ದಪ್ಪ-ಸಣ್ಣವಾದದ್ದು, ಎಳೆ ತಪ್ಪಿದ ಜಾಗ, ಜೂಟು, ತಳದಲ್ಲಿ ಉಳಿದ ತೆಳು ಪೊರೆ, ಅದನ್ನೆಲ್ಲ ಅವಳು ಎತ್ತಿಟ್ಟುಕೊಳ್ಳಲಿ. ಅಂಟು ತೆಗೆಯುವ ಅವಸರ ಬೇಡ. ಹಸಿ ರೇಷ್ಮೆಯ ತೂಕದಲ್ಲಿ ನಾಲ್ಕನೇ ಒಂದು ಭಾಗದಷ್ಟು ಅಂಟೇ ಇರುತ್ತದೆ. ಅದನ್ನು ತೆಗೆದರೆ ನಯ, ಹೊಳಪು ಬರುತ್ತದೆ, ಸೀರೆಗೆ ಅದು ಬೇಕೇಬೇಕು. ಆದರೆ ಅಂಟಿರುವ ನೂಲು ಬಿರುಸಾಗಿರುತ್ತದೆ, ಒದ್ದೆ ಮಾಡಿ ಒಣಗಿಸಿದರೆ ಕೊಟ್ಟ ಆಕಾರದಲ್ಲಿ ನಿಲ್ಲುತ್ತದೆ. ಮಿಶ್ರತಳಿ ಗೂಡಿನ ಹಳದಿ ಬಣ್ಣವೂ ಅಂಟಿನ ಜೊತೆಯೇ ಹೋಗಿಬಿಡುತ್ತದೆ. ಆ ಹಳದಿ ನಿಮ್ಮ ಸೀಮೆಯ ಬಣ್ಣ. ಅದನ್ನು ಉಳಿಸಿಕೊಂಡರೆ ಕೃತಿ ನೋಡಿದ ರೀಲರಿಗೆ, ಅಂದರೆ ನೂಲು ಬಿಚ್ಚುವವರಿಗೆ, ಒಂದೇ ನೋಟದಲ್ಲಿ ಇದು ಯಾವ ಗೂಡು ಎಂದು ಗೊತ್ತಾಗುತ್ತದೆ.

ಅದಕ್ಕೆ ಮುಂಚೆ ಅವಳು ಬೇಸಿನ್ ಮುಂದೆ ಕೂತು ಕೆಲಸ ಕಲಿಯಲಿ, ಬೆರಳಿಗೆ ಎಳೆಯ ತುದಿ ಸಿಗುವವರೆಗೆ. ನಿಮ್ಮಲ್ಲಿ ದುಡಿಯುವ ಹೆಂಗಸರನ್ನು ಫೋಟೊ ತೆಗೆದು ಗೋಡೆಗೆ ಹಾಕುವುದು ಸುಲಭದ ದಾರಿ, ಅದು ಬೇಡ. ಅವರಲ್ಲಿ ಯಾರಿಗಾದರೂ ಅವಳ ಜೊತೆ ಸೇರಿ ಮಾಡುವ ಮನಸ್ಸಿದ್ದರೆ ಕೂಲಿ ಕೊಟ್ಟು, ಹೆಸರು ಹಾಕಿ ಸೇರಿಸಿಕೊಳ್ಳಲಿ. ಹೆಸರು ಬೇಡವೆಂದರೆ ಅದನ್ನೂ ಗೌರವಿಸಲಿ. ಕೃತಿ ಮಾರಾಟವಾದರೆ ಯಾರಿಗೆ ಎಷ್ಟು ಪಾಲು ಎನ್ನುವುದನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಜ್ಜಿಯ ಬೊಂತೆಗಳನ್ನು ಮಾತ್ರ ಕತ್ತರಿಸಬೇಡಿ ಎಂದು ಅವಳಿಗೆ ಹೇಳಿ. ಅಟ್ಟದಿಂದ ಇಳಿಸಿ, ನೆರಳಿನಲ್ಲಿ ಗಾಳಿಗೆ ಹಾಕಿ, ಒಂದೊಂದರಲ್ಲೂ ಯಾರ ಯಾರ ಸೀರೆಯಿದೆ ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ಆ ಪಟ್ಟಿ ಈಗ ಮಾಡದಿದ್ದರೆ ಆಮೇಲೆ ಹೇಳುವವರು ಇರುವುದಿಲ್ಲ.

ನೋಡಲು ಬೆಂಗಳೂರಿನಲ್ಲಿ ಜಾಗಗಳಿವೆ. ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಎಂಬ ಸಂಗ್ರಹಾಲಯದಲ್ಲಿ ಜವಳಿಯ ಸಂಗ್ರಹವಿದೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಿದೆ. ಅದರ ಜೊತೆಗೆ ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಗೆ ಹೋಗಿ ರೇಷ್ಮೆ ಮಗ್ಗದ ಮನೆಗಳನ್ನೂ ನೋಡಿಕೊಂಡು ಬರಲಿ.

ಬದುಕಿನ ವಿಚಾರ. ಕೃತಿ ಮಾರಿಯೇ ಮನೆ ನಡೆಸುವ ಕಲಾವಿದರು ಯಾವ ಮಾಧ್ಯಮದಲ್ಲೂ ಕಡಿಮೆ, ನೂಲಿನಲ್ಲಿ ಇನ್ನೂ ಕಡಿಮೆ. ಪಾಠ ಹೇಳುವುದು, ಜವಳಿ ವಿನ್ಯಾಸ, ಸಂಗ್ರಹಾಲಯದ ಕೆಲಸ, ಹೀಗೆ ಇನ್ನೊಂದು ಆಧಾರ ಇಟ್ಟುಕೊಂಡೇ ಹೆಚ್ಚಿನವರು ನಡೆಸುತ್ತಾರೆ. ಅವಳಿಗೂ ಅದನ್ನೇ ಹೇಳುತ್ತೇನೆ. ನೂಲಿನ ಗುಣಮಟ್ಟ ಕೈಯಲ್ಲಿ ಹಿಡಿದು ಹೇಳಬಲ್ಲ ಕಲಾವಿದರು ಈ ದೇಶದಲ್ಲಿ ಬೆರಳೆಣಿಕೆಯಷ್ಟು. ಅವಳು ಮನೆಯಲ್ಲಿ ಕಲಿತ ಆ ವಿದ್ಯೆಗೆ ವಿನ್ಯಾಸದ ಕೆಲಸದಲ್ಲಿ ಬೆಲೆ ಇದ್ದೇ ಇರುತ್ತದೆ.

ಕೃತಿ ಸಿದ್ಧವಾದಾಗ ಮೊದಲ ಪ್ರದರ್ಶನ ಬೆಂಗಳೂರಿನಲ್ಲಿ ಬೇಡ, ಶಿಡ್ಲಘಟ್ಟದಲ್ಲೇ ಆಗಲಿ. ಗೂಡಿನ ಮಾರುಕಟ್ಟೆಯ ಹತ್ತಿರ ಒಂದು ಶಾಲೆಯ ಕೋಣೆಯೋ, ಕಲ್ಯಾಣ ಮಂಟಪವೋ ಸಾಕು. ರೇಷ್ಮೆಗೆ ನೇರ ಬಿಸಿಲು ಬಿದ್ದರೆ ಬಣ್ಣ ಕೆಡುತ್ತದೆ, ಎಳೆ ಪುಡಿಯಾಗುತ್ತದೆ, ಆದ್ದರಿಂದ ಕಿಟಕಿಗೆ ಎದುರಾಗಿ ತೂಗುಹಾಕಬಾರದು. ಫಲಕವನ್ನು ಕನ್ನಡದಲ್ಲಿ, ಜೊತೆಗೆ ಉರ್ದು, ತೆಲುಗಿನಲ್ಲೂ ಬರೆಸಲಿ. ನೂಲು ಯಾವ ಬೇಸಿನ್‌ನದು, ಗೂಡು ಯಾವ ಊರಿನದು ಎಂದು ಅದರಲ್ಲಿರಲಿ. ಪ್ರದರ್ಶನದ ಸಮಯ ಬೆಳಿಗ್ಗೆ ಹತ್ತರಿಂದ ಸಂಜೆ ಐದು ಎಂದು ಇಟ್ಟರೆ ಫಿಲೇಚರ್‌ನಲ್ಲಿ, ಅಂದರೆ ನೂಲು ಬಿಚ್ಚುವ ಕಾರ್ಖಾನೆಯಲ್ಲಿ, ದುಡಿಯುವವರು ಬರುವುದಕ್ಕಾಗುವುದಿಲ್ಲ. ಕೆಲಸ ಬಿಟ್ಟ ಮೇಲೆ ರಾತ್ರಿ ಒಂಬತ್ತರವರೆಗೂ ತೆರೆದಿಡಲಿ.